ಪಂಪಿನ ಪೆಟ್ಟಿಗೆಯೊಳಗಿನ ಗೇಟ್ ಡ್ರೈವರ್

ಇಂಡಿ ತಾಲ್ಲೂಕಿನ ನಿಂಬೆ ತೋಟಗಳಿಗಾಗಲಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಹೊಲಗಳಿಗಾಗಲಿ ಬಿಸಿಲಿನ ಕೊರತೆಯಿಲ್ಲ. ಆ ಬಿಸಿಲಿನಿಂದಲೇ ನೀರೆತ್ತುವ ಸೋಲಾರ್ ಪಂಪುಗಳಿಗೆ 2019ರಲ್ಲಿ ಶುರುವಾದ ಪಿಎಂ-ಕುಸುಮ್ ಯೋಜನೆಯಲ್ಲಿ ಸಹಾಯಧನವಿದೆ. ಪ್ಯಾನೆಲ್ಲಿಗೂ ಬೋರಿನೊಳಗಿನ ಮೋಟರಿಗೂ ನಡುವೆ ಒಂದು ಕಂಟ್ರೋಲರ್ ಪೆಟ್ಟಿಗೆ ಇರುತ್ತದೆ. ಪಂಪಿನ ಆಯುಷ್ಯ ಬಹುಮಟ್ಟಿಗೆ ಅದರ ಕೈಯಲ್ಲಿದೆ.

ಪ್ಯಾನೆಲ್ ಕೊಡುವುದು ಡಿಸಿ ಕರೆಂಟು. ತ್ರೀ ಫೇಸ್ ಮೋಟರಿಗೆ ಬೇಕಾದದ್ದು ಎಸಿ. ಪೆಟ್ಟಿಗೆಯೊಳಗೆ ಸಾಮಾನ್ಯವಾಗಿ ಜೋಡಿ ಜೋಡಿಯಾಗಿರುವ ಆರು ಐಜಿಬಿಟಿ ಟ್ರಾನ್ಸಿಸ್ಟರುಗಳು ಸೆಕೆಂಡಿಗೆ ಸಾವಿರಾರು ಸಲ ಆನ್-ಆಫ್ ಆಗುತ್ತ ಡಿಸಿಯನ್ನು ಎಸಿಯಾಗಿಸುತ್ತವೆ. ಐಜಿಬಿಟಿಯನ್ನು ಬಳಕೆಗೆ ತಂದವರಲ್ಲಿ ಪ್ರಮುಖರು ಬೆಂಗಳೂರಿನ ಜಾಲಹಳ್ಳಿಯಲ್ಲಿ ಬೆಳೆದ ಬಿ. ಜಯಂತ್ ಬಾಳಿಗಾ. ಈ ಕೆಲಸಕ್ಕಾಗಿ ಅವರಿಗೆ 2024ರ ಮಿಲೇನಿಯಂ ತಂತ್ರಜ್ಞಾನ ಪ್ರಶಸ್ತಿ ಸಂದಿತು.

ಯಾವಾಗ ಆನ್, ಯಾವಾಗ ಆಫ್ ಎಂದು ಲೆಕ್ಕ ಹಾಕುವುದು ಮೈಕ್ರೋಕಂಟ್ರೋಲರ್. ಅದರ ಸಂಕೇತ 3.3 ಅಥವಾ 5 ವೋಲ್ಟ್, ಕೆಲವೇ ಮಿಲಿಆಂಪಿಯರ್. ಐಜಿಬಿಟಿಯನ್ನು ಆನ್-ಆಫ್ ಮಾಡಿಸುವ ತುದಿಯಾದ ಗೇಟಿಗೆ ಬೇಕಾದದ್ದು ಸುಮಾರು 15 ವೋಲ್ಟ್. ಅಲ್ಲದೆ ಗೇಟು ಕೆಪಾಸಿಟರಿನಂತೆ ವರ್ತಿಸುವುದರಿಂದ ಅದನ್ನು ಬೇಗ ತುಂಬಲು ಕ್ಷಣಕಾಲ ಆಂಪಿಯರುಗಳಷ್ಟು ಕರೆಂಟು ಹರಿಸಬೇಕು. ಆಲಮಟ್ಟಿ ಅಣೆಕಟ್ಟಿನಲ್ಲಿ ಆದೇಶವೊಂದರಿಂದಲೇ ಗೇಟು ಮೇಲೇಳುವುದಿಲ್ಲ, ಎತ್ತುವ ಯಂತ್ರ ಬೇಕು. ಇಲ್ಲಿ ಆ ಯಂತ್ರದ ಕೆಲಸ ಗೇಟ್ ಡ್ರೈವರ್ ಚಿಪ್ಪಿನದು. ಗೇಟು ನಿಧಾನವಾಗಿ ತುಂಬಿದರೆ ಟ್ರಾನ್ಸಿಸ್ಟರ್ ಅರೆತೆರೆದ ಸ್ಥಿತಿಯಲ್ಲಿ ಹೆಚ್ಚು ಹೊತ್ತು ಉಳಿದು, ಬಿಸಿಯೇರಿ ಸುಡುತ್ತದೆ.

ಕಾವಲು ಕಾಯುವುದೂ ಡ್ರೈವರಿನ ಕೆಲಸವೇ. ಒಂದೇ ಜೋಡಿಯ ಮೇಲಿನ, ಕೆಳಗಿನ ಟ್ರಾನ್ಸಿಸ್ಟರುಗಳು ಒಟ್ಟಿಗೆ ಆನ್ ಆದರೆ ನೇರ ಶಾರ್ಟ್ ಸರ್ಕ್ಯೂಟ್. ಹಾಗಾಗದಂತೆ ಒಂದು ಆಫ್ ಆದ ಮೇಲೆ ಇನ್ನೊಂದು ಆನ್ ಆಗುವ ಮುನ್ನ ಅತ್ಯಲ್ಪ ಬಿಡುವು ಕೊಡುತ್ತಾರೆ. ಹಲವು ಡ್ರೈವರುಗಳು ಈ ಬಿಡುವನ್ನು ತಾವೂ ಖಾತರಿಪಡಿಸುತ್ತವೆ. ಮೋಡ ಕವಿದಾಗ, ಸಂಜೆ ಬಿಸಿಲು ಇಳಿದಾಗ ಗೇಟಿಗೆ ಸಿಗುವ ವೋಲ್ಟೇಜ್ ಕುಸಿದರೆ ಚಿಪ್ಪು ಟ್ರಾನ್ಸಿಸ್ಟರನ್ನು ಆಫ್ ಮಾಡಿಬಿಡುತ್ತದೆ. ಶಾರ್ಟ್ ಆದರೆ ಅನೇಕ ಐಜಿಬಿಟಿಗಳು ತಾಳುವುದು ಸುಮಾರು 10 ಮೈಕ್ರೋಸೆಕೆಂಡ್ ಮಾತ್ರ. ಉತ್ತಮ ಡ್ರೈವರು ಅಷ್ಟರೊಳಗೇ ಅಪಾಯ ಗುರುತಿಸಿ ಕರೆಂಟು ತಡೆಯುತ್ತದೆ.

ರಿಪೇರಿಯಲ್ಲಿ ಡ್ರೈವರನ್ನು ಮರೆಯಬಾರದು. ಐಜಿಬಿಟಿ ಸುಟ್ಟಾಗ ಹೆಚ್ಚಿನ ವೋಲ್ಟೇಜ್ ಗೇಟಿನ ಮೂಲಕ ಡ್ರೈವರಿಗೂ ನುಗ್ಗಿ ಅದನ್ನು ಹಾಳುಮಾಡಿರಬಹುದು. ಸುಟ್ಟದ್ದನ್ನಷ್ಟೇ ಬದಲಿಸಿ ಪಂಪು ಚಾಲೂ ಮಾಡಿದರೆ ಹೊಸ ಐಜಿಬಿಟಿಯೂ ಸುಡಬಹುದು, ಖರ್ಚು ರೈತನ ತಲೆಗೆ. ಡ್ರೈವರ್, ಗೇಟ್ ರೆಸಿಸ್ಟರ್ ಎರಡನ್ನೂ ಪರೀಕ್ಷಿಸಲೇಬೇಕು. ಪ್ಯಾನೆಲ್ ಸಂಪರ್ಕ ತೆಗೆದ ಮೇಲೂ ಪೆಟ್ಟಿಗೆಯೊಳಗಿನ ಕೆಪಾಸಿಟರುಗಳಲ್ಲಿ ಜೀವಕ್ಕೆ ಅಪಾಯವಾಗುವಷ್ಟು ವೋಲ್ಟೇಜ್ ಉಳಿದಿರುತ್ತದೆ; ಅಳೆದು ನೋಡದೆ ಕೈ ಹಾಕಬಾರದು.

ಈ ನಾಲ್ಕೂ ತಾಲ್ಲೂಕುಗಳ ಐಟಿಐ, ಪಾಲಿಟೆಕ್ನಿಕ್ ಹುಡುಗ ಹುಡುಗಿಯರಿಗೆ ಮೋಟರ್ ವೈಂಡಿಂಗ್ ಜೊತೆಗೆ ಗೇಟ್ ಡ್ರೈವರ್ ಪರೀಕ್ಷೆಯನ್ನೂ ಕಲಿಸಬೇಕು. ಪಂಪು ಊರಿಗೆ ಬಂದಿದೆ. ಅದನ್ನು ಸರಿಪಡಿಸುವ ವಿದ್ಯೆಯೂ ಊರಲ್ಲೇ ಇರಬೇಕು.