ಹೋರಿಯ ಹೊಟ್ಟೆ ಮತ್ತು ಸಂತೆಯ ಚೀಲ

ದೀಪಾವಳಿಯ ದಿನಗಳಲ್ಲಿ ಹಾವೇರಿ ಸೀಮೆಯ ಹೋರಿಗಳ ವೈಭವವನ್ನು ಕಂಡವರು ಮರೆಯಲಾರರು. ಕೊರಳ ತುಂಬ ಕೊಬ್ಬರಿಯ ಹಾರ, ಮೈಮೇಲೆ ಬಣ್ಣದ ಜೂಲ, ಕೋಡಿಗೆ ಬಲೂನು. ಹಬ್ಬ ಕಳೆದ ಮೇಲೆ ಅದೇ ಊರಿನ ದನಗಳು ತಿಪ್ಪೆಯ ಮುಂದೆ ನಿಂತು ಏನನ್ನು ಮೇಯುತ್ತವೆ ಎಂಬುದನ್ನು ಮಾತ್ರ ನಾವು ಅಷ್ಟು ಆಸಕ್ತಿಯಿಂದ ನೋಡುವುದಿಲ್ಲ.

ಉಳಿದ ಅನ್ನ, ಕಾಯಿಪಲ್ಲೆಯ ಸಿಪ್ಪೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ, ಗಂಟು ಬಿಗಿದು ಎಸೆಯುವ ರೂಢಿ ಈಗ ಹಳ್ಳಿಗೂ ಬಂದಿದೆ. ದನಕ್ಕೆ ವಾಸನೆ ತಿಳಿಯುತ್ತದೆ. ಗಂಟು ಬಿಚ್ಚುವುದು ತಿಳಿಯದು. ಆಡಿನಂತೆ ಆಯ್ದು ತಿನ್ನುವ ಜಾತಿಯೂ ಅದಲ್ಲ. ನಾಲಗೆ ಸುತ್ತಿ ಸೆಳೆದುಕೊಂಡದ್ದನ್ನು ನುಂಗಿ, ಆಮೇಲೆ ಬಿಡುವಾಗಿ ಮೆಲುಕು ಹಾಕುವುದು ಅದರ ಧರ್ಮ. ಅದರ ಹೊಟ್ಟೆಯ ನಾಲ್ಕು ಕೋಣೆಗಳಲ್ಲಿ ಮೊದಲನೆಯದು ಎಲ್ಲಕ್ಕೂ ದೊಡ್ಡದು. ಹುಲ್ಲು ಅಲ್ಲಿ ಹುದುಗಿ, ನುರಿದು, ಮುಂದಕ್ಕೆ ಸಾಗುತ್ತದೆ. ಪ್ಲಾಸ್ಟಿಕ್ಕು ಕೊಳೆಯುವುದೂ ಇಲ್ಲ, ಸಾಗುವುದೂ ಇಲ್ಲ. ಒಂದರೊಡನೊಂದು ಹೆಣೆದುಕೊಂಡು ಹಗ್ಗದ ಉಂಡೆಯಂತಾಗಿ ಅಲ್ಲೇ ಕೂಡುತ್ತದೆ. ಹೊಟ್ಟೆ ತುಂಬಿದಂತೆ ಕಾಣುವ ದನ ನಿಜವಾಗಿ ಉಪವಾಸವಿರುತ್ತದೆ. ಹಾಲು ಇಳಿಯುತ್ತದೆ, ಮೆಲುಕು ನಿಲ್ಲುತ್ತದೆ, ಹೊಟ್ಟೆ ಉಬ್ಬುತ್ತದೆ. ಕೊನೆಗೆ ಎಡಪಕ್ಕೆಯನ್ನು ಕೊಯ್ದು ತೆಗೆಯಬೇಕಾಗುತ್ತದೆ. 2021ರಲ್ಲಿ ಹರಿಯಾಣದ ಫರೀದಾಬಾದಿನಲ್ಲಿ ವೈದ್ಯರು ಒಂದು ಹಸುವಿನ ಹೊಟ್ಟೆಯಿಂದ 71 ಕಿಲೋ ಕಸವನ್ನು ಹೊರತೆಗೆದರು: ಪ್ಲಾಸ್ಟಿಕ್ಕು, ಸೂಜಿ, ನಾಣ್ಯ, ಗಾಜಿನ ಚೂರು. ಹಸು ಉಳಿಯಲಿಲ್ಲ.

ಕಾನೂನು ಇಲ್ಲವೆಂದಲ್ಲ. ನಮ್ಮ ರಾಜ್ಯ ಸರಕಾರವು 2016ರ ಮಾರ್ಚಿನಲ್ಲೇ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ, ಒಮ್ಮೆ ಬಳಸಿ ಬಿಸಾಡುವ ಹಲವು ಪ್ಲಾಸ್ಟಿಕ್ ವಸ್ತುಗಳಿಗೆ ದೇಶಾದ್ಯಂತ ನಿಷೇಧ ಬಂದಿತು. ಆದರೂ ಸಂತೆಯಲ್ಲಿ ಚೀಲ ಸಿಗುತ್ತಲೇ ಇದೆ. ಏಕೆಂದರೆ ಕೊಳ್ಳುವವನು ಬರಿಗೈಯಲ್ಲಿ ಬರುತ್ತಾನೆ. ಚೀಲ ಕೊಡದಿದ್ದರೆ ಗಿರಾಕಿ ಪಕ್ಕದವರಲ್ಲಿಗೆ ಹೋದಾನೆಂಬ ಭಯ ಬದನೆಕಾಯಿ ಮಾರುವ ಮುದುಕಮ್ಮನಿಗೆ. ಅವಳ ಕೈಗೆ ದಂಡದ ರಸೀತಿ ಕೊಡುವುದು ಸುಲಭ. ತಪ್ಪಿನ ಬೇರು ಇರುವುದು ನಮ್ಮ ಮನೆಯ ಹೊಸ್ತಿಲಲ್ಲಿ ಎಂದು ನನ್ನ ಅಭಿಪ್ರಾಯ.

ಚೀಲದ ಹೆಸರುಗಳಿಗೆ ಕನ್ನಡದಲ್ಲಿ ಬರವಿಲ್ಲ. ಸಂಚಿ, ಜೋಳಿಗೆ, ಹಸುಬೆ, ಗೋಣಿ. ಒಂದೊಂದಕ್ಕೂ ಒಂದೊಂದು ಕೆಲಸ. ಇಂಗ್ಲಿಷರ ‘ಗನ್ನಿ’ ಕೂಡ ಈ ಗೋಣಿಯ ಮಗುವೇ. ಬ್ಯಾಡಗಿಯ ಪೇಟೆಗೆ ಮೆಣಸಿನಕಾಯಿ ಇಂದಿಗೂ ಗೋಣಿಚೀಲದಲ್ಲಿ ಬರುತ್ತದೆ. ಒಮ್ಮೆ ಬಳಸಿದ ಗೋಣಿಯನ್ನು ಯಾವ ರೈತನೂ ಬಿಸಾಡುವುದಿಲ್ಲ. ಹಿಡಿಕೆಯುಳ್ಳ ಪ್ಲಾಸ್ಟಿಕ್ ಚೀಲಕ್ಕೆ ಸ್ವೀಡನ್ನಿನ ಕಂಪನಿಯೊಂದು ಪೇಟೆಂಟ್ ಪಡೆದದ್ದು 1965ರಲ್ಲಿ. ಅದಿಲ್ಲದೆ ಸಂತೆ ಮಾಡಿದ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ.

ಹಲಗೇರಿಯಂಥ ಊರಿನಲ್ಲಿ ಇದಕ್ಕೆ ದೊಡ್ಡ ಯೋಜನೆಯೇನೂ ಬೇಡ. ಹಳೆಯ ಧೋತರ, ಸೀರೆಗಳಿಂದ ಹೊಲಿದ ಎರಡು ಚೀಲಗಳು ಬಾಗಿಲ ಗೂಟದಲ್ಲಿ ತೂಗಲಿ. ಬೈಕಿನ ಪೆಟ್ಟಿಗೆಯಲ್ಲಿ ಇನ್ನೊಂದಿರಲಿ. ಹೊಲದ ಆಳುಗಳಿಗೆ ಬಿಸಿ ಚಹವನ್ನು ತೆಳು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಸಿ ಒಯ್ಯುವ ಬದಲು ಮುಚ್ಚಳದ ಸ್ಟೀಲ್ ಡಬ್ಬಿ ಹಿಡಿದು ಹೋಗಬಹುದು. ಸಿಪ್ಪೆ, ಮುಸುರೆಗಳು ಚೀಲಕ್ಕಲ್ಲ, ಕಲಗಚ್ಚಿನ ಬಾನಿಗೆ ಬೀಳಬೇಕು. ಹಾಲಿನ ಪೊಟ್ಟಣದ ಮೂಲೆಯನ್ನು ಪೂರ್ತಿ ಕತ್ತರಿಸದೆ ಅಂಟಿಕೊಂಡೇ ಇರುವಂತೆ ಸೀಳಿದರೆ ಆ ಚೂರು ಮಣ್ಣುಪಾಲಾಗುವುದಿಲ್ಲ.

ಮದುವೆಯ ಊಟವೇ ತೊಡಕಿನ ಪ್ರಶ್ನೆ. ಐನೂರು ಜನ ಉಂಡೆದ್ದರೆ ಐನೂರು ತಟ್ಟೆ, ಅದಕ್ಕಿಂತ ಹೆಚ್ಚು ಲೋಟ. ಕಾಗದದ ಲೋಟಕ್ಕೆ ದೋಷವಿಲ್ಲವೆಂದು ಹಲವರ ನಂಬಿಕೆ. ಅದರ ಒಳಮೈಗೂ ಸಾಮಾನ್ಯವಾಗಿ ಪ್ಲಾಸ್ಟಿಕ್ಕಿನ ತೆಳುಪದರವಿರುತ್ತದೆ. ಬೆಂಗಳೂರಿನ ಅದಮ್ಯ ಚೇತನ ಸಂಸ್ಥೆಯವರು ಸಮಾರಂಭಗಳಿಗೆ ಸ್ಟೀಲ್ ತಟ್ಟೆ, ಲೋಟಗಳನ್ನು ಎರವಲು ಕೊಡುವ ‘ಪ್ಲೇಟ್ ಬ್ಯಾಂಕ್’ ಏರ್ಪಡಿಸಿದ್ದಾರೆ. ಗುಡಿಯ ಹಂಡೆ ಕೊಪ್ಪರಿಗೆಗಳನ್ನು ಮದುವೆಮನೆಗೆ ತಂದು ಅಡುಗೆ ಮಾಡಿದ ನಮ್ಮ ಜನಕ್ಕೆ ಇದು ಹೊಸ ಪಾಠವಲ್ಲ. ಸ್ತ್ರೀಶಕ್ತಿ ಸಂಘವೊಂದು ಮನಸ್ಸು ಮಾಡಿದರೆ ಊರಿಗೊಂದು ಪಾತ್ರೆ ಭಂಡಾರವನ್ನು ನಡೆಸಬಹುದು. ತೊಳೆಯಲು ನೀರು, ಆಳು ಬೇಕಲ್ಲ ಎಂಬ ಆಕ್ಷೇಪ ನ್ಯಾಯವಾದುದೇ. ಬೇಸಗೆಯ ಮದುವೆಗೆ ಬಾಳೆಯೆಲೆ, ಮುತ್ತುಗದ ಪತ್ರಾವಳಿ ಹಾಕಿ ಲೋಟಗಳನ್ನಷ್ಟೇ ಭಂಡಾರದಿಂದ ತರಬಹುದು. ಎಣಿಸಿ ಕೊಟ್ಟು ಎಣಿಸಿ ಪಡೆಯುವ ಕೆಲಸವನ್ನು ದಾಕ್ಷಿಣ್ಯಕ್ಕೆ ಸಿಕ್ಕದ ಒಬ್ಬರಿಗೆ ವಹಿಸಬೇಕು; ಕಳೆದದ್ದಕ್ಕೆ ಬೆಲೆ ವಸೂಲಾಗದಿದ್ದರೆ ನಾಲ್ಕು ಮದುವೆಯೊಳಗೆ ಭಂಡಾರ ಬರಿದಾಗುತ್ತದೆ.