ನ್ಯಾಯಪೀಠದಿಂದ ಸ್ಪೀಕರ್ ಪೀಠಕ್ಕೆ: ಕೌಡೂರು ಸದಾನಂದ ಹೆಗ್ಡೆ

ರಾಜಕೀಯದಿಂದ ನ್ಯಾಯಾಂಗಕ್ಕೆ ಹೋಗಿ, ಅಲ್ಲಿಂದ ಮತ್ತೆ ರಾಜಕೀಯಕ್ಕೆ ಮರಳಿ, ಎರಡು ಕಡೆಯೂ ಉನ್ನತ ಸ್ಥಾನ ತಲುಪಿದವರು ಭಾರತದಲ್ಲಿ ವಿರಳ. ಕರ್ನಾಟಕದ ಮಟ್ಟಿಗೆ ಅಂಥವರಲ್ಲಿ ಮೊದಲು ನೆನಪಾಗುವ ಹೆಸರು ಕೌಡೂರು ಸದಾನಂದ ಹೆಗ್ಡೆ. ರಾಜ್ಯಸಭೆಯ ಸದಸ್ಯ, ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ, ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ, ಲೋಕಸಭೆಯ ಸ್ಪೀಕರ್ ಈ ನಾಲ್ಕೂ ಸ್ಥಾನಗಳನ್ನು ಅವರು ಒಂದೇ ಜೀವಿತಾವಧಿಯಲ್ಲಿ ನಿರ್ವಹಿಸಿದರು.

ಹೆಗ್ಡೆ ಹುಟ್ಟಿದ್ದು 1909ರ ಜೂನ್ 11ರಂದು, ಆಗಿನ ದಕ್ಷಿಣ ಕನ್ನಡ ಜಿಲ್ಲೆಯ ಕಾರ್ಕಳ ತಾಲ್ಲೂಕಿನ ಕೌಡೂರಿನಲ್ಲಿ. ಊರಿನ ಶಾಲೆ, ಕಾರ್ಕಳದ ಹೈಸ್ಕೂಲು, ಮಂಗಳೂರಿನ ಸೇಂಟ್ ಅಲೋಶಿಯಸ್ ಕಾಲೇಜು ದಾಟಿ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು ಮತ್ತು ಕಾನೂನು ಕಾಲೇಜಿನಲ್ಲಿ ಓದಿದರು. ವಕೀಲಿಯ ಜೊತೆಗೇ 1935ರಲ್ಲಿ ಕಾಂಗ್ರೆಸ್ ಸೇರಿದರು. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಜಿಲ್ಲೆಯ ಸರ್ಕಾರಿ ವಕೀಲರಾಗಿ, ಪಬ್ಲಿಕ್ ಪ್ರಾಸಿಕ್ಯೂಟರ್ ಆಗಿ ಕೆಲಸ ಮಾಡಿದರು. ದಕ್ಷಿಣ ಕನ್ನಡ ಆಗ ಮದ್ರಾಸ್ ರಾಜ್ಯದ ಭಾಗವಾಗಿದ್ದರಿಂದ, 1952ರಲ್ಲಿ ರಾಜ್ಯಸಭೆ ರಚನೆಯಾದಾಗ ಅವರು ಆ ರಾಜ್ಯದ ಪ್ರತಿನಿಧಿಯಾಗಿ ದೆಹಲಿಗೆ ಹೋದರು.

1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆ ಈ ಭಾಗದ ನಕ್ಷೆಯನ್ನೇ ಬದಲಿಸಿತು. ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಬಂತು. ಅದರ ಕಾಸರಗೋಡು ತಾಲ್ಲೂಕು ಕೇರಳಕ್ಕೆ ಹೋಯಿತು. ಅಲ್ಲಿಯವರೆಗೆ ಪ್ರತ್ಯೇಕ ರಾಜ್ಯವಾಗಿದ್ದ ಕೊಡಗು ಮೈಸೂರಿನ ಒಂದು ಜಿಲ್ಲೆಯಾಯಿತು. ಹೀಗೆ ವ್ಯಾಪ್ತಿ ಹಿಗ್ಗಿದ ಬೆಂಗಳೂರಿನ ಮೈಸೂರು ಹೈಕೋರ್ಟಿಗೆ 1957ರ ಆಗಸ್ಟ್‌ನಲ್ಲಿ ಹೆಗ್ಡೆ ನ್ಯಾಯಮೂರ್ತಿಯಾಗಿ ನೇಮಕಗೊಂಡರು. ಅದಕ್ಕಾಗಿ ರಾಜ್ಯಸಭೆಯ ಸ್ಥಾನ ಬಿಟ್ಟುಕೊಟ್ಟರು.

1966ರ ಅಕ್ಟೋಬರ್ 31ರಂದು ದೆಹಲಿ ಹೈಕೋರ್ಟ್ ಆರಂಭವಾದಾಗ ಅದರ ಮೊದಲ ಮುಖ್ಯ ನ್ಯಾಯಮೂರ್ತಿ ಅವರೇ. ಮರುವರ್ಷ ಜುಲೈನಲ್ಲಿ ಸುಪ್ರೀಂ ಕೋರ್ಟಿಗೆ ಬಂದರು. ಅಲ್ಲಿ ಅವರು ಬರೆದ ತೀರ್ಪುಗಳಲ್ಲಿ 1969ರ ಕ್ರೈಪಾಕ್ ಪ್ರಕರಣ ಇಂದಿಗೂ ಕಾನೂನು ವಿದ್ಯಾರ್ಥಿಗಳ ಪಠ್ಯದಲ್ಲಿದೆ. ಜಮ್ಮು ಮತ್ತು ಕಾಶ್ಮೀರದಿಂದ ಭಾರತೀಯ ಅರಣ್ಯ ಸೇವೆಗೆ ಅಧಿಕಾರಿಗಳನ್ನು ಆರಿಸುವ ಮಂಡಳಿಯಲ್ಲಿ ಸ್ವತಃ ಅಭ್ಯರ್ಥಿಯಾಗಿದ್ದ ಒಬ್ಬ ಅಧಿಕಾರಿಯೇ ಸದಸ್ಯನಾಗಿದ್ದ. ತನ್ನ ಹೆಸರು ಚರ್ಚೆಗೆ ಬಂದಾಗ ಆತ ಹೊರಗುಳಿದರೂ ಪ್ರತಿಸ್ಪರ್ಧಿಗಳ ವಿಚಾರ ಬಂದಾಗ ಕುಳಿತಿದ್ದ. ತನ್ನ ಪ್ರಕರಣಕ್ಕೆ ತಾನೇ ತೀರ್ಪುಗಾರನಾಗಬಾರದೆಂಬ ಸಹಜ ನ್ಯಾಯದ ನಿಯಮ ನ್ಯಾಯಾಲಯಗಳಿಗಷ್ಟೇ ಅಲ್ಲ, ಸರ್ಕಾರಿ ಕಚೇರಿಯ ಆಡಳಿತ ನಿರ್ಧಾರಕ್ಕೂ ಅನ್ವಯಿಸುತ್ತದೆ ಎಂದು ಹೆಗ್ಡೆ ತೀರ್ಪಿತ್ತರು. ಆ ಆಯ್ಕೆ ರದ್ದಾಯಿತು.

ಆಮೇಲಿನ ದೊಡ್ಡ ಪ್ರಕರಣದ ಬೇರು ಅವರ ಹುಟ್ಟು ಜಿಲ್ಲೆಯಲ್ಲೇ ಇತ್ತು. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ ಕೇರಳದ ಭೂಸುಧಾರಣಾ ಕಾನೂನನ್ನು ಪ್ರಶ್ನಿಸಿ 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಮಠದ ಜಮೀನಿನಿಂದ ಶುರುವಾದ ವಾದ ಸಂವಿಧಾನವನ್ನು ತಿದ್ದುವ ಸಂಸತ್ತಿನ ಅಧಿಕಾರಕ್ಕೆ ಮಿತಿಯುಂಟೇ ಎಂಬ ಪ್ರಶ್ನೆಗೆ ಬಂದು ನಿಂತಿತು. 13 ನ್ಯಾಯಮೂರ್ತಿಗಳ ಪೀಠ 68 ದಿನ ವಾದ ಆಲಿಸಿತು. 1973ರ ಏಪ್ರಿಲ್ 24ರಂದು, ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ ಎಂದು 7–6ರ ಬಹುಮತದ ತೀರ್ಪು ಹೊರಬಿತ್ತು. ನ್ಯಾಯಮೂರ್ತಿ ಎ.ಕೆ. ಮುಖರ್ಜಿ ಅವರೊಂದಿಗೆ ಸೇರಿ ತೀರ್ಪು ಬರೆದ ಹೆಗ್ಡೆ ಆ ಏಳು ಮಂದಿಯಲ್ಲಿ ಒಬ್ಬರು.

ಮುಖ್ಯ ನ್ಯಾಯಮೂರ್ತಿ ಎಸ್.ಎಂ. ಸಿಕ್ರಿ ನಿವೃತ್ತರಾಗುವ ಹೊತ್ತು ಅದು. ಹಿರಿತನದ ಪ್ರಕಾರ ಮುಂದಿನ ಸರದಿ ಜೆ.ಎಂ. ಶೆಲತ್ ಅವರದು, ಅನಂತರ ಹೆಗ್ಡೆ, ಅನಂತರ ಎ.ಎನ್. ಗ್ರೋವರ್. ಮೂವರೂ ಸರ್ಕಾರದ ವಿರುದ್ಧ ತೀರ್ಪು ಕೊಟ್ಟವರು. ಇಂದಿರಾ ಗಾಂಧಿ ಸರ್ಕಾರ ಮೂವರನ್ನೂ ದಾಟಿ, ಅಲ್ಪಮತದ ಕಡೆಗಿದ್ದ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಯಾಗಿ ನೇಮಿಸಿತು. ಆಗ ಕಾನೂನು ಸಚಿವರಾಗಿದ್ದ ಎಚ್.ಆರ್. ಗೋಖಲೆ ಸ್ವತಃ ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿಯಾಗಿದ್ದವರು. ಕೇಶವಾನಂದ ತೀರ್ಪಿನ ಜೊತೆಗೆ ಹೆಗ್ಡೆಯವರ ಇನ್ನೊಂದು ತೀರ್ಪೂ ಆಗ ಚರ್ಚೆಯಲ್ಲಿತ್ತು. ರಾಯ್‌ಬರೇಲಿಯಲ್ಲಿ ಇಂದಿರಾ ಗೆದ್ದದ್ದನ್ನು ಪ್ರಶ್ನಿಸಿದ ರಾಜ್ ನಾರಾಯಣ್ ಅವರ ಅರ್ಜಿಯ ಮುಖ್ಯ ಅಂಶಗಳು ವಿಚಾರಣೆಯಿಂದ ಬಿಟ್ಟುಹೋಗದಂತೆ 1972ರಲ್ಲಿ ನೋಡಿಕೊಂಡದ್ದು ಅವರಿದ್ದ ಪೀಠ. 1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟ್ ಇಂದಿರಾ ಅವರ ಆಯ್ಕೆಯನ್ನು ರದ್ದುಪಡಿಸಿದ್ದು ಇದೇ ಅರ್ಜಿಯ ಮೇಲೆ.

ಕಡೆಗಣಿಸಲ್ಪಟ್ಟ ಮೂವರೂ ರಾಜೀನಾಮೆ ಕೊಟ್ಟರು. ಹೆಗ್ಡೆ ಸುಪ್ರೀಂ ಕೋರ್ಟ್ ಬಿಟ್ಟದ್ದು 1973ರ ಏಪ್ರಿಲ್ 30ರಂದು.

ತುರ್ತು ಪರಿಸ್ಥಿತಿಯ ನಂತರ 1977ರಲ್ಲಿ ನಡೆದ ಲೋಕಸಭಾ ಚುನಾವಣೆಯಲ್ಲಿ ಅವರು ಬೆಂಗಳೂರು ದಕ್ಷಿಣದಿಂದ ಜನತಾ ಪಕ್ಷದ ಪರವಾಗಿ ನಿಂತರು. ಉತ್ತರ ಭಾರತದಲ್ಲಿ ಕಾಂಗ್ರೆಸ್ ಕೊಚ್ಚಿಹೋದರೂ ಕರ್ನಾಟಕದಲ್ಲಿ ಅದು 28ರಲ್ಲಿ 26 ಸ್ಥಾನ ಗೆದ್ದಿತು. ಉಳಿದ ಎರಡರಲ್ಲಿ ಒಂದು ಹೆಗ್ಡೆಯವರದು. ಸ್ಪೀಕರ್ ಆಗಿದ್ದ ನೀಲಂ ಸಂಜೀವ ರೆಡ್ಡಿ ರಾಷ್ಟ್ರಪತಿ ಸ್ಥಾನಕ್ಕಾಗಿ ರಾಜೀನಾಮೆ ನೀಡಿದಾಗ, ಜುಲೈ 21ರಂದು ಹೆಗ್ಡೆ ಸ್ಪೀಕರ್ ಆದರು.

ಆ ಪೀಠದಲ್ಲೂ ಕಠಿಣ ಪರೀಕ್ಷೆಗಳು ಬಂದವು. 1978ರ ನವೆಂಬರ್‌ನಲ್ಲಿ ಚಿಕ್ಕಮಗಳೂರಿನಿಂದ ಗೆದ್ದು ಬಂದ ಇಂದಿರಾ ಗಾಂಧಿಯವರನ್ನು ಡಿಸೆಂಬರ್ 19ರಂದು ಲೋಕಸಭೆ ಹಕ್ಕುಚ್ಯುತಿಯ ಆರೋಪದ ಮೇಲೆ ಉಚ್ಚಾಟಿಸಿ, ಅಧಿವೇಶನ ಮುಗಿಯುವವರೆಗೆ ಸೆರೆಗೆ ಕಳಿಸಿತು. ಪ್ರಧಾನಿಯಾಗಿದ್ದಾಗ ಮಾರುತಿ ಕಂಪನಿಯ ಬಗ್ಗೆ ಮಾಹಿತಿ ಕಲೆಹಾಕುತ್ತಿದ್ದ ಅಧಿಕಾರಿಗಳಿಗೆ ಅಡ್ಡಿಪಡಿಸಿದರೆಂಬುದು ಆರೋಪ. ತಮ್ಮನ್ನು ದಾಟಿ ನೇಮಕ ಮಾಡಿದ್ದ ಪ್ರಧಾನಿಯ ವಿರುದ್ಧದ ನಿರ್ಣಯ ಮತಕ್ಕೆ ಬಂದಾಗ ಹೆಗ್ಡೆ ಸ್ಪೀಕರ್ ಆಗಿದ್ದರು. ನಿರ್ಧಾರ ಸದನದ್ದಾದರೂ ಈ ಕಾಕತಾಳೀಯವನ್ನು ಜನ ಗಮನಿಸಿದರು. ಮುಂದಿನ ಲೋಕಸಭೆ 1981ರ ಮೇ ತಿಂಗಳಲ್ಲಿ ಆ ನಿರ್ಣಯವನ್ನೇ ಹಿಂತೆಗೆದುಕೊಂಡಿತು.

1979ರ ಜುಲೈನಲ್ಲಿ ಮೊರಾರ್ಜಿ ದೇಸಾಯಿ ಸರ್ಕಾರ ಬಿತ್ತು. ಅನಂತರ ಬಂದ ಚರಣ್ ಸಿಂಗ್ ಲೋಕಸಭೆಯನ್ನು ಎದುರಿಸುವ ಮೊದಲೇ ರಾಜೀನಾಮೆ ಕೊಟ್ಟರು. ಆಗಸ್ಟ್ 22ರಂದು ಸದನ ವಿಸರ್ಜನೆಯಾಯಿತು. ಸದನ ವಿಸರ್ಜನೆಯಾದರೂ ಹೊಸ ಸದನ ಸೇರುವ ತನಕ ಸ್ಪೀಕರ್ ಸ್ಥಾನ ತೆರವಾಗುವುದಿಲ್ಲ ಎನ್ನುತ್ತದೆ ಸಂವಿಧಾನದ 94ನೇ ವಿಧಿ. ಹಾಗಾಗಿ ಹೆಗ್ಡೆ 1980ರ ಜನವರಿಯವರೆಗೆ ಮುಂದುವರಿದರು. ಬಳಿಕ ಭಾರತೀಯ ಜನತಾ ಪಕ್ಷದ ಉಪಾಧ್ಯಕ್ಷರಾಗಿದ್ದರು. 1979ರಲ್ಲಿ ಅವರು ಹುಟ್ಟುಹಾಕಿದ ನಿಟ್ಟೆ ಶಿಕ್ಷಣ ಟ್ರಸ್ಟ್ ಈಗ ಕರಾವಳಿಯ ದೊಡ್ಡ ವಿದ್ಯಾಸಂಸ್ಥೆಗಳಲ್ಲಿ ಒಂದು. 1990ರ ಮೇ 24ರಂದು ಅವರು ತೀರಿಕೊಂಡರು. ಮಗ ಎನ್. ಸಂತೋಷ್ ಹೆಗ್ಡೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿ, ಮುಂದೆ ಕರ್ನಾಟಕದ ಲೋಕಾಯುಕ್ತರಾಗಿ ಹೆಸರಾದರು.

ನ್ಯಾಯಾಧೀಶರು ರಾಜಕೀಯಕ್ಕೆ ಬರುವುದು ಬೇರೆ ದೇಶಗಳಲ್ಲೂ ಉಂಟು. ಸ್ಪೇನ್‌ನಲ್ಲಿ ಸೇವೆಯಲ್ಲಿರುವ ನ್ಯಾಯಾಧೀಶರು ಪಕ್ಷ ಸೇರುವುದನ್ನು ಸಂವಿಧಾನ ನಿಷೇಧಿಸಿದೆ. ಆದರೂ 2018ರಲ್ಲಿ ಅಲ್ಲಿ ಒಳಾಡಳಿತ ಸಚಿವರಾದ ಫರ್ನಾಂಡೊ ಗ್ರಾಂಡೆ ಮಾರ್ಲಾಸ್ಕ ಮತ್ತು ರಕ್ಷಣಾ ಸಚಿವೆಯಾದ ಮಾರ್ಗರೀಟಾ ರೊಬ್ಲೆಸ್ ಇಬ್ಬರೂ ನ್ಯಾಯಾಧೀಶರಾಗಿದ್ದವರು. ಬಾಲ್ತಸಾರ್ ಗಾರ್ಸೋನ್ 1993ರಲ್ಲಿ ಚುನಾವಣೆಗೆ ನಿಂತು ಗೆದ್ದು, ಮರುವರ್ಷವೇ ನ್ಯಾಯಾಲಯಕ್ಕೆ ಮರಳಿದರು. ಭಾರತದಲ್ಲಿ ಬಾಂಬೆ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಎಂ.ಸಿ. ಛಾಗ್ಲಾ ಕೇಂದ್ರದಲ್ಲಿ ಶಿಕ್ಷಣ ಮತ್ತು ವಿದೇಶಾಂಗ ಸಚಿವರಾದರು. ಕಲ್ಕತ್ತಾ ಹೈಕೋರ್ಟಿನ ಅಭಿಜಿತ್ ಗಂಗೋಪಾಧ್ಯಾಯ 2024ರಲ್ಲಿ ರಾಜೀನಾಮೆ ನೀಡಿ ಅದೇ ವರ್ಷ ಲೋಕಸಭೆಗೆ ಆಯ್ಕೆಯಾದರು.

ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳು ದೇಶದ ಯಾವ ನ್ಯಾಯಾಲಯದಲ್ಲೂ ವಕೀಲಿ ಮಾಡುವಂತಿಲ್ಲ ಎನ್ನುವ ನಮ್ಮ ಸಂವಿಧಾನ, ಅವರು ರಾಜಕೀಯ ಸೇರುವುದನ್ನು ತಡೆದಿಲ್ಲ. ನಿವೃತ್ತರು ಸರ್ಕಾರದ ಹುದ್ದೆ ಒಪ್ಪಬಾರದೆಂದು ಕಾನೂನು ಆಯೋಗ 1958ರಲ್ಲೇ ಸಲಹೆ ಕೊಟ್ಟಿದ್ದರೂ ಅದು ಕಾನೂನಾಗಲಿಲ್ಲ. ತೀರ್ಪಿಗೆ ಪ್ರತಿಯಾಗಿ ಅಧಿಕಾರ ಸಿಕ್ಕಿತೆಂಬ ಅನುಮಾನ ಇಂಥ ಸಂದರ್ಭಗಳಲ್ಲಿ ಸಹಜವಾಗಿ ಹುಟ್ಟುತ್ತದೆ. ಹೆಗ್ಡೆಯವರಿಗೆ ತೀರ್ಪಿನಿಂದ ಸಿಕ್ಕಿದ್ದು ಹುದ್ದೆಯಲ್ಲ, ಹುದ್ದೆಯ ನಷ್ಟ. ನ್ಯಾಯಪೀಠ ಬಿಟ್ಟು ನಾಲ್ಕು ವರ್ಷವಾದ ಮೇಲೆ ಅವರು ಮತದಾರರ ಮುಂದೆ ನಿಂತು ಗೆದ್ದು ಸಂಸತ್ತಿಗೆ ಬಂದರು. ಆ ಅನುಮಾನ ಅವರ ಮಟ್ಟಿಗೆ ನಿಲ್ಲದಿರುವುದು ಇದರಿಂದಲೇ.