ಕ್ಯಾಮೆರಾ ಕೊಳ್ಳುವ ಮುನ್ನ: ದೃಶ್ಯ ಸಂಕೋಚನದ ಲೆಕ್ಕಾಚಾರ

ಹುಣಸೂರಿನ ಮರದ ಡಿಪೋ, ಪಿರಿಯಾಪಟ್ಟಣದ ತಂಬಾಕು ಗೋದಾಮು, ಕೆ.ಆರ್.ನಗರದ ಅಕ್ಕಿ ಗಿರಣಿ, ಎಚ್.ಡಿ.ಕೋಟೆಯ ದಿನಸಿ ಅಂಗಡಿ ಇಂತಹ ಕಡೆಗಳಲ್ಲಿ ಸಿ.ಸಿ. ಟಿ.ವಿ. ಕ್ಯಾಮೆರಾ ಇಂದು ಅಪರೂಪದ ವಸ್ತುವಲ್ಲ. ಕೊಳ್ಳುವಾಗ ಮೆಗಾಪಿಕ್ಸೆಲ್ ಎಷ್ಟು, ದರ ಎಷ್ಟು ಎಂದು ವಿಚಾರಿಸುವ ವರ್ತಕರು, ದೃಶ್ಯವನ್ನು ಯಾವ ಮಾನಕದಂತೆ ಕುಗ್ಗಿಸಿ ಶೇಖರಿಸಲಾಗುತ್ತದೆ ಎಂದು ಕೇಳುವುದು ವಿರಳ. ದಾಸ್ತಾನು ತಾಳೆಯಾಗದೆ ಎಂಟು ದಿನಗಳ ಹಿಂದಿನ ದೃಶ್ಯವನ್ನು ಹುಡುಕಹೊರಟಾಗ, ಅದು ಅಳಿಸಿಹೋಗಿದೆಯೋ ಉಳಿದಿದೆಯೋ ಎಂಬುದು ಬಹುಮಟ್ಟಿಗೆ ಈ ಪ್ರಶ್ನೆಯನ್ನೇ ಅವಲಂಬಿಸಿದೆ.

ಲೆಕ್ಕವನ್ನು ನೋಡೋಣ. 1920×1080 ಅಳತೆಯ ಒಂದು ಚಿತ್ರದಲ್ಲಿ 20,73,600 ಬಿಂದುಗಳಿರುತ್ತವೆ. ಬಿಂದುವೊಂದಕ್ಕೆ 3 ಬೈಟ್‌ನಂತೆ, ಸೆಕೆಂಡಿಗೆ 25 ಚಿತ್ರಗಳಾದರೆ ಸುಮಾರು 15.5 ಕೋಟಿ ಬೈಟ್ ಆಗುತ್ತದೆ. ಕುಗ್ಗಿಸದೆ ತುಂಬಿದರೆ 1 ಟೆರಾಬೈಟ್ ಡಿಸ್ಕ್ ಒಂದೇ ಕ್ಯಾಮೆರಾಕ್ಕೆ ಎರಡು ಗಂಟೆಯೂ ಸಾಲದು!

ಸಂಕೋಚನದ ಮೊದಲ ಉಪಾಯ ವರ್ತಕರಿಗೆ ಪರಿಚಿತವಾದುದೇ. ದಾಸ್ತಾನು ಪುಸ್ತಕದಲ್ಲಿ ಆರಂಭದ ಶಿಲ್ಕನ್ನು ಒಮ್ಮೆ ಬರೆದು, ಅನಂತರ ಬಂದದ್ದು ಹೋದದ್ದನ್ನಷ್ಟೇ ನಮೂದಿಸುವಂತೆ, ಒಂದು ಪೂರ್ಣಚಿತ್ರವನ್ನು ಬರೆದುಕೊಂಡು ಮುಂದಿನ ಚಿತ್ರಗಳಲ್ಲಿ ಬದಲಾದ ಭಾಗವನ್ನು ಮಾತ್ರ ದಾಖಲಿಸಲಾಗುತ್ತದೆ. ಎರಡನೆಯ ಉಪಾಯ ಗಣಿತದ್ದು. ಚಿತ್ರವನ್ನು ಚಿಕ್ಕ ಚೌಕಗಳಾಗಿ ವಿಭಜಿಸಿ, ಕಣ್ಣು ಅಷ್ಟಾಗಿ ಗುರುತಿಸದ ಸೂಕ್ಷ್ಮ ವಿವರಗಳನ್ನು ಕೈಬಿಡಲಾಗುತ್ತದೆ. ಇದಕ್ಕೆ ಆಧಾರವಾದ ‘ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್’ ವಿಧಾನವನ್ನು ರೂಪಿಸಿದವರು ಬೆಂಗಳೂರಿನಲ್ಲಿ ಜನಿಸಿ, ಅಲ್ಲಿನ ವಿಶ್ವೇಶ್ವರಯ್ಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ ನಾಸಿರ್ ಅಹ್ಮದ್ ಎಂಬುದು ನಮ್ಮ ನಾಡಿಗೆ ಹೆಮ್ಮೆಯ ಸಂಗತಿ. 1972ರಲ್ಲಿ ಅವರು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಸಲ್ಲಿಸಿದ ಪ್ರಸ್ತಾವಕ್ಕೆ ಧನಸಹಾಯ ದೊರೆಯಲಿಲ್ಲ. ಆದರೂ ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಡನೆ 1974ರಲ್ಲಿ ಪ್ರಬಂಧವನ್ನು ಪ್ರಕಟಿಸಿದರು. ವಿ.ಸಿ.ಡಿ., ಡಿ.ವಿ.ಡಿ.ಗಳಿಂದ ಹಿಡಿದು ಇಂದಿನ ಕ್ಯಾಮೆರಾಗಳವರೆಗೆ ಇದರ ರೂಪಾಂತರಗಳೇ ಬಳಕೆಯಲ್ಲಿವೆ.

ಈಗ ಪೇಟೆಯಲ್ಲಿ ಕಾಣುವುದು ಮುಖ್ಯವಾಗಿ ಎರಡು ಮಾನಕಗಳು: 2003ರ ಎಚ್.264 ಮತ್ತು 2013ರ ಎಚ್.265. ಕ್ಯಾಮೆರಾ ಒಂದಕ್ಕೆ ಸೆಕೆಂಡಿಗೆ 40 ಲಕ್ಷ ಬಿಟ್‌ನಂತೆ ಎಚ್.264ರಲ್ಲಿ ದಾಖಲಿಸಿದರೆ, ನಾಲ್ಕು ಕ್ಯಾಮೆರಾಗಳಿಗೆ ದಿನಕ್ಕೆ ಸುಮಾರು 173 ಗಿಗಾಬೈಟ್ ಬೇಕು. 1 ಟೆರಾಬೈಟ್ ಡಿಸ್ಕ್ ಆರು ದಿನ ತುಂಬುವ ಮೊದಲೇ ಭರ್ತಿಯಾಗಿ, ಹಳೆಯ ದೃಶ್ಯದ ಮೇಲೆ ಹೊಸದು ಬರೆಯಲ್ಪಡುತ್ತದೆ. ಎಚ್.265 ಅದೇ ಗುಣಮಟ್ಟವನ್ನು ಹೆಚ್ಚುಕಡಿಮೆ ಅರ್ಧದಷ್ಟು ಬಿಟ್‌ಗಳಲ್ಲಿ ಕೊಡಬಲ್ಲದು. ಆಗ ಹನ್ನೊಂದು ದಿನಗಳ ದೃಶ್ಯ ಉಳಿಯುತ್ತದೆ. ಆದರೆ ಕ್ಯಾಮೆರಾ ಮತ್ತು ರೆಕಾರ್ಡರ್ ಎರಡೂ ಅದನ್ನು ಬಲ್ಲವಾಗಿರಬೇಕು. ಮತ್ತೊಂದು ಮಾತು: ಮಾನಕವು ದೃಶ್ಯವನ್ನು ಬಿಡಿಸಿ ಓದುವ ಕ್ರಮವನ್ನಷ್ಟೇ ವಿಧಿಸುತ್ತದೆ, ಕುಗ್ಗಿಸುವ ಜಾಣ್ಮೆ ತಯಾರಕರಿಗೆ ಬಿಟ್ಟದ್ದು. ಆದಕಾರಣ ಪೆಟ್ಟಿಗೆಯ ಮೇಲಿನ ಒಂದೇ ಹೆಸರು ಒಂದೇ ಗುಣಮಟ್ಟದ ಖಾತರಿಯಲ್ಲ. ರಾತ್ರಿ ಚಿತ್ರೀಕರಿಸಿದ ಮಾದರಿಯನ್ನು ನೋಡಿಯೇ ಹಣ ಕೊಡುವುದು ಲೇಸು.

ರಾತ್ರಿಯದೇ ಏಕೆಂದರೆ, ಮಂದ ಬೆಳಕಿನಲ್ಲಿ ಚಿತ್ರದ ತುಂಬ ಮೂಡುವ ಚುಕ್ಕೆಗಳನ್ನು ಯಂತ್ರವು ಚಲನೆಯೆಂದೇ ಭಾವಿಸುತ್ತದೆ. ಗಾಳಿಗೆ ತೂಗುವ ಮರವೂ ಹಾಗೆಯೇ. ಬಿಟ್‌ಗಳೆಲ್ಲ ಅದಕ್ಕೇ ವ್ಯಯವಾಗಿ, ಗೇಟಿನಲ್ಲಿ ಹಾದುಹೋದ ಲಾರಿಯ ಸಂಖ್ಯೆ ಮಸುಕಾಗುತ್ತದೆ. ಹೀಗೆ ಕೈಬಿಟ್ಟ ವಿವರವನ್ನು ಯಾವ ತಂತ್ರಾಂಶವೂ ಯಥಾವತ್ತಾಗಿ ಮರಳಿ ತರಲಾರದು. ಗೇಟಿಗೊಂದು ದೀಪ ಹಾಕಿಸುವುದು ಅನೇಕ ವೇಳೆ ದುಬಾರಿ ಕ್ಯಾಮೆರಾಕ್ಕಿಂತ ಲಾಭಕರ.

ಕಳವಿನ ದೃಶ್ಯವನ್ನು ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೋ ಆಗಿ ರವಾನಿಸಿದರೆ ಅದು ಮತ್ತೊಮ್ಮೆ ಕುಗ್ಗುತ್ತದೆ. ಆದ್ದರಿಂದ ರೆಕಾರ್ಡರಿನ ಮೂಲ ಕಡತವನ್ನೇ ಬೇರೆ ಡಿಸ್ಕಿಗೆ ಪ್ರತಿ ಮಾಡಿ ಇಡತಕ್ಕದ್ದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ, ಇಂತಹ ಪ್ರತಿಯನ್ನು ನ್ಯಾಯಾಲಯಕ್ಕೆ ಹಾಜರುಪಡಿಸುವಾಗ ಪ್ರಮಾಣಪತ್ರ ಲಗತ್ತಿಸಬೇಕು. ಅದರಲ್ಲಿ ಕಡತದ ‘ಹ್ಯಾಶ್’ ಸಂಖ್ಯೆಯನ್ನು ನಮೂದಿಸಬೇಕಾಗುತ್ತದೆ. ಕಡತದಲ್ಲಿ ಒಂದೇ ಒಂದು ಬಿಟ್ ಬದಲಾದರೂ ಆ ಸಂಖ್ಯೆ ಬೇರೆಯಾಗುವುದರಿಂದ, ಪ್ರತಿ ತೆಗೆದ ದಿನವೇ ಅದನ್ನು ಬರೆಸಿಟ್ಟುಕೊಳ್ಳುವುದು ಒಳ್ಳೆಯದು.